ಕಡಲು ಕಾದ ವಿಮಾನ (ಕಂತು ೭): ಹಸಿರು ಪುಡಿ

ಪಿಎಸ್‌ಐ ಅನೀಸಾ ಚಾಲಕನ ಸೀಟಿನಲ್ಲಿ ಕೂತು ಉಗುರಿನಿಂದ ಅಂಚನ್ನು ಎಬ್ಬಿಸಿ ಎಳೆದಳು. ವಿಮಾನದ ಎತ್ತರ ತೋರಿಸುವ ಗುಂಡು ಗಡಿಯಾರ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಕೈಗೆ ಬಂತು. ಅದು ಗಡಿಯಾರವೇ ಆಗಿರಲಿಲ್ಲ. ಗಡಿಯಾರದ ಚಿತ್ರ ಮುದ್ರಿಸಿದ ಅಂಟುಕಾಗದ. ಹಿಂದೆ ಬರಿಯ ತೂತು.

ಪಕ್ಕದ್ದನ್ನು ಎಳೆದಳು. ಅಲ್ಲೂ ತೂತು. ಅದರೊಳಗಿಂದ ಒಂದು ಜಿರಳೆ ಮೀಸೆ ಹೊರಹಾಕಿ ನೋಡಿ, ನಿಧಾನವಾಗಿ ಒಳಗೆ ಸರಿಯಿತು.

"ಎಲ್ಲಾ ಡೌಲೈತ್ರಿ ಮೇಡಂ ಇಲ್ಲಿ," ಎಂದ ಹಿಂದೆ ನಿಂತಿದ್ದ ಕಾನ್‌ಸ್ಟೆಬಲ್ ಕಳಕೇಶ. "ಮಂದಿ ಇಲ್ಲೇ ಕುಂತು ಫೋಟೋ ಹೊಡಕೊಂತಾರ. ಒಬ್ಬರಿಗೂ ಗೊತ್ತಾಗಿಲ್ಲ ನೋಡ್ರಿ."

ಭಾನುವಾರ ಇದೇ ವಿಮಾನದ ಬಾಲದೊಳಗಿನ ಮಂಚದ ಮೇಲೆ ಮುದುಕ ಮುರ್ತುಜಾಸಾಬನ ಹೆಣ ಸಿಕ್ಕಿತ್ತು. ಹೃದಯ ನಿಂತಿತೆಂದು ಹೋಟೆಲಿನ ಮಾಲೀಕ ಹನಮೇಶ ಹೇಳಿದ್ದ, ಮೂಗು ಬಾಯಿ ಅದುಮಿ ಕೊಂದಿದ್ದಾರೆಂದು ಕೊಪ್ಪಳದ ಶವಪರೀಕ್ಷೆ ಹೇಳಿತ್ತು.

ತಳಕಲ್ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ, ಎರೆಹೊಲದ ನಡುವೆ, ಸಿಮೆಂಟಿನ ಕಂಬಗಳ ಮೇಲೆ ಆ ವಿಮಾನ ಕೂತಿತ್ತು. ಒಂದು ಕಾಲಕ್ಕೆ ಸೂಟುಬೂಟಿನ ಪ್ರಯಾಣಿಕರನ್ನು ಪರದೇಶಕ್ಕೆ ಒಯ್ದದ್ದು. ಎಪ್ಪತ್ತೊಂದರ ಯುದ್ಧ ಬಂದಾಗ ಅದರ ಮೆತ್ತನೆಯ ಸೀಟುಗಳನ್ನು ಕಿತ್ತು, ಹೊಟ್ಟೆಯ ಕೆಳಗೆ ರಡಾರು ಕಟ್ಟಿ, ಶತ್ರುವಿನ ಹಡಗು, ಸಬ್‌ಮರೀನು ಹುಡುಕಲು ಅರಬ್ಬೀ ಸಮುದ್ರದ ಮೇಲೆ ಬಿಟ್ಟಿದ್ದರು. ಕಡೆಗೆ ಗುಜರಿಗೆ ಬಿತ್ತು. ಹನಮೇಶ ಅದನ್ನು ತುಂಡು ಮಾಡಿಸಿ ಟ್ರಕ್ಕುಗಳಲ್ಲಿ ತಂದು ಜೋಡಿಸಿ, ‘ಜಲಯೋಧ ಫ್ಯಾಮಿಲಿ ರೆಸ್ಟೋರೆಂಟ್’ ಎಂದು ಹೆಸರಿಟ್ಟಿದ್ದ. ರಡಾರು ಇದ್ದ ಜಾಗದಲ್ಲಿ ಈಗ ಎಂಜಲು ನೀರಿನ ಪೈಪು ಜೋತುಬಿದ್ದು, ಕೆಳಗೆ ಹಂದಿಗಳು ಹೊರಳಾಡುತ್ತಿದ್ದವು.

ಒಳಗೆ ಕರಿದ ಎಣ್ಣೆಯ ಕಮಟು, ಅದರ ಮೇಲೆ ಫಿನಾಯಿಲು, ಅದರ ಮೇಲೆ ಅಗ್ಗದ ಅತ್ತರು. ಮೂರೂ ಸೇರಿ ಅನೀಸಾಳ ಗಂಟಲಲ್ಲಿ ಕೂತಿದ್ದವು.

ಊಟದ ಮೇಜುಗಳ ನಡುವಿನ ದಾರಿಯಲ್ಲಿ ಹೆಂಗಸೊಬ್ಬಳು ನೆಲ ಒರೆಸುತ್ತಿದ್ದಳು. ಮಾರೆಮ್ಮ. ಹೋಟೆಲು ತೆರೆದಾಗಿನಿಂದ ಇಲ್ಲಿ ಮುಸುರೆ ತಿಕ್ಕುವವಳು.

"ಮಾರೆಮ್ಮಾ, ಈ ಗಡಿಯಾರ ಯಾರು ಕಿತ್ತಾರ?"

"ನನಗ ಗೊತ್ತಿಲ್ರಿ. ನಾ ನೆಲ ಒರಸಾಕಿ."

"ಮುರ್ತುಜಾಸಾಬರಿಗೆ ಗೊತ್ತಿತ್ತಾ?"

ಅವಳ ಕೈ ನಿಂತಿತು. "ಇದರ ಸಲುವಾಗೇ ಧಣಿ ಜೋಡಿ ಜಗಳಾ ತಗದಿದ್ರಿ ಅವರು. ನನ್ನ ವಿಮಾನದ ಕಣ್ಣ ಕಿತ್ತೀ ಅಂತ ಬೈದ್ರು. ಧಣ್ಯಾರು ನಕ್ರು."

ಮಾತನಾಡುತ್ತ ಅವಳು ಬೆವರು ಒರೆಸಿಕೊಂಡಳು. ಸೆರಗು ಜಾರಿತು. ಗಂಟಲ ಕುಳಿಯ ಕೆಳಗೆ ಅಂಗೈಯಗಲದ ಗಾಯ. ನಡುವೆ ಸುಟ್ಟ ರೊಟ್ಟಿಯಂತೆ ಕಪ್ಪು, ಅಂಚಿನಲ್ಲಿ ಹಸಿ. ಅದರ ಮೇಲೆಯೇ ಕರಿದಾರಕ್ಕೆ ಕಟ್ಟಿದ ತಾಮ್ರದ ತಾಯತ ತೂಗುತ್ತಿತ್ತು. ನೊಣವೊಂದು ತಾಯತದ ಮೇಲೆ ಕೂತು, ಗಾಯಕ್ಕಿಳಿದು, ಮತ್ತೆ ತಾಯತಕ್ಕೆ ಹತ್ತಿತು.

ಅನೀಸಾ ತಾಯತದತ್ತ ಚಾಚಿದ್ದ ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಎಳೆದುಕೊಂಡದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಇದೇನು?"

"ವಿಮಾನದ ತಾಯತರಿ. ಮೊಣಕಾಲ ನೋವಿಗೆ ಕಟ್ಟಿಸಿಕೊಂಡೀನಿ. ಕತ್ತಲದಾಗ ಹಸರ ಬೆಳಕ ಬರ್ತೈತ್ರಿ ಇದರಾಗಿಂದ. ಯುದ್ಧದ ಬೆಳಕ."

"ಮತ್ತ ಆ ಗಾಯ?"

"ಒಳಗಿನ ರೋಗ ಹೊರಗ ಬರಾಕ ಹತ್ತೈತಿ ಅಂದ್ರು."

"ಯಾರು ಅಂದ್ರು?"

ಮಾರೆಮ್ಮ ಬಟ್ಟೆ ಹಿಂಡತೊಡಗಿದಳು. ಬಹಳ ಹೊತ್ತು ಹಿಂಡಿದಳು. "ಹ್ವಾದ ವಾರ ಸಾಬರು ಇದನ್ನ ಹರದು ಒಗದ್ರಿ. ನನ್ನ ಕೈ ಹಿಡಕೊಂಡು ಅತ್ರು. ಹಿರೇ ಮನಶ್ಯಾ ಯಾಕ ಅತ್ತ ಅಂತ ನನಗ ತಿಳೀಲಿಲ್ಲ. ನಾ ಆಮ್ಯಾಲೆ ಕಸದಾಗ ಹುಡುಕಿ ಮತ್ತ ಕಟಗೊಂಡ್ನಿ."

ಅನೀಸಾ ರೆಕ್ಕೆಯ ಮೇಲೆ ಬಂದು ನಿಂತು ಕೊಪ್ಪಳದ ಮೆಡಿಕಲ್ ಕಾಲೇಜಿಗೆ ಫೋನು ಹಚ್ಚಿದಳು. ವಿಕಿರಣ ವಿಭಾಗದ ಡಾಕ್ಟರ್ ಶಾಯಿಸ್ತಾ ಅವಳ ಪರಿಚಯದವಳು. ತಾಯತ, ಗಾಯ, ಕಿತ್ತ ಗಡಿಯಾರ, ಎಲ್ಲವನ್ನೂ ಅವಳಿಗೆ ಹೇಳಿದಳು.

"ಆ ತಾಯತ ಒಡದು ನೋಡಬ್ಯಾಡ್ರಿ. ಕೊರಳಿಂದ ತಗಸಿ ದೂರ ಇಡ್ರಿ. ಆ ಹೆಣ್ಣುಮಗಳನ್ನ ಈಗಿಂದೀಗ ಇಲ್ಲಿಗೆ ಕಳಸ್ರಿ. ಆ ಕಾಲದಾಗ ವಿಮಾನದ ಗಡಿಯಾರದ ಮುಳ್ಳಿಗೆ, ಅಂಕಿಗೆ ರೇಡಿಯಂ ಬಣ್ಣ ಬಳೀತಿದ್ರು, ಕತ್ತಲದಾಗ ಕಾಣಲಿ ಅಂತ. ಗಾಜಿನ ಒಳಗ ಇರೂತನಾ ಚಿಂತಿ ಇಲ್ಲ. ಅದನ್ನ ಕೆರೆದು ಪುಡಿ ಮಾಡಿ ಮೈಗೆ ಕಟಗೊಂಡ್ರ ಚರ್ಮ ಸುಡ್ತೈತಿ. ಹೊಟ್ಟಿಗೆ ಹೋದ್ರಂತೂ ಎಲುಬಿನ್ಯಾಗ ಮನಿ ಮಾಡ್ತೈತಿ, ಸಾಯೂತನಕ ಬಿಡಂಗಿಲ್ಲ."

"ಇನ್ನೂ ಹಸರ ಹೊಳೀತೈತಿ ಅಂತಾರ."

"ಇಷ್ಟು ವರ್ಷಾದ ಮ್ಯಾಲೆ ಆ ಬಣ್ಣ ಹೊಳಿಯಂಗಿಲ್ಲ, ಅನೀಸಾ. ಹೊಳಿಯೋದು ಬ್ಯಾರೆ ಏನೋ ಕಲಿಸ್ಯಾರ. ಕೊಲ್ಲೋದಕ್ಕ ಅದು ಹೊಳೀಬೇಕಂತ ಏನಿಲ್ಲ."

ಅನೀಸಾ ಫೋನಿಟ್ಟು ತನ್ನ ಉಗುರುಗಳನ್ನು ನೋಡಿಕೊಂಡಳು. ಕಳಕೇಶನ ಕಡೆ ಕೈಚಾಚಿ ಬಾಟಲಿಯ ನೀರು ಸುರಿಸಿಕೊಂಡು ತೊಳೆದಳು. ಮತ್ತೆ ತೊಳೆದಳು. ಮಾರೆಮ್ಮನ ತಾಯತ ತೆಗೆಸಿ ದೂರ ಇಡಿಸಿ, ಅವಳನ್ನು ಆಟೋದಲ್ಲಿ ಕೊಪ್ಪಳಕ್ಕೆ ಕಳಿಸಿದಳು.

"ರೇಡಿಯಂ ಅಂದ್ರ ಬೈಕಿನ ಹಿಂದ ಹಚ್ಚತಾರಲ್ರಿ ಮೇಡಂ, ಹೊಳಿಯೋ ಸ್ಟಿಕ್ಕರ್, ಅದಾ?" ಎಂದ ಕಳಕೇಶ.

"ಅದಲ್ಲ," ಎಂದವಳು ಅಲ್ಲೇ ತಡೆದಳು. ಸುಲಿದ ಅಂಟುಕಾಗದವನ್ನು ಮಗುಚಿ ನೋಡಿದಳು. ಮೂಲೆಯಲ್ಲಿ ಅಂಗಡಿಯ ಮುದ್ರೆಯಿತ್ತು: ವಾಹೀದ ರೇಡಿಯಂ ಕಟಿಂಗ್, ಕುಷ್ಟಗಿ.

ವಾಹೀದ ಫೋನಿನಲ್ಲೇ ಒಪ್ಪಿಕೊಂಡ. ಮುಚ್ಚಿಡಲು ಅವನಿಗೆ ಏನೂ ಇದ್ದಂತಿರಲಿಲ್ಲ. "ಹೌದ್ರಿ, ಹನಮೇಶಣ್ಣಗ ಗಡಿಯಾರದ ಸ್ಟಿಕ್ಕರ್ ನಾನ ಹೊಡದು ಕೊಟ್ಟೀನಿ. ಕತ್ತಲದಾಗ ಹೊಳಿಯೋ ಹಸರ ಪುಡಿನೂ ಒಯ್ದಾರ. ಬೋರ್ಡಿಗೆ ಬೇಕಂದಿದ್ರು. ಅದರಾಗ ತಪ್ಪೇನೈತ್ರಿ?"

ಬೋರ್ಡು ವಿಮಾನದ ನೆತ್ತಿಯ ಮೇಲೆಯೇ ಇತ್ತು. ಅದರಲ್ಲಿ ಹಸಿರೇ ಇರಲಿಲ್ಲ.

*

ಬೇವೂರಿನಲ್ಲಿ ಮುರ್ತುಜಾಸಾಬನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಸತ್ತವರಿಗಾಗಿ ಮೂರನೆಯ ದಿನ ನಡೆಸುವ ಜಿಯಾರತ್. ಮಧ್ಯಾಹ್ನದ ಫಾತೇಹಾ ಪ್ರಾರ್ಥನೆಗೆ ಜನ ಬರತೊಡಗಿದ್ದರು. ಒಳಗಿನ ಗೋಡೆಯ ಗೂಟದಲ್ಲಿ ಒಂದು ಕೆಂಪು ಕೋಟು ತೂಗುತ್ತಿತ್ತು. ಭುಜಕ್ಕೆ ಬಂಗಾರ ಬಣ್ಣದ ಗೊಂಡೆ, ಎದೆಗೆ ತಗಡಿನ ಪದಕ. ಮದುವೆಯ ಬ್ಯಾಂಡ್ ಕಂಪನಿಯವರ ಹಳೇ ಕೋಟು. ಹೋಟೆಲಿನ ಬಾಗಿಲಲ್ಲಿ ಮುದುಕನಿಗೆ ತೊಡಿಸುತ್ತಿದ್ದದ್ದು ಅದನ್ನೇ.

ಹೆಂಡತಿ ಲಾಲಬೀ ಅನೀಸಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಎಪ್ಪತ್ತರ ಹೆಂಗಸು, ತೆಳ್ಳನೆಯ ದನಿ.

"ಅದು ಇವರದೇ ವಿಮಾನವಾ. ಟ್ರಕ್ಕಿನ್ಯಾಗ ತುಂಡು ತುಂಡಾಗಿ ಹೊಂಟಿತ್ತು. ಬಾಲದ ಮ್ಯಾಲಿನ ನಂಬರ್ ನೋಡಿ ಗುರ್ತ ಹಿಡದು, ರಸ್ತಾದಾಗ ನಿಂತುಬಿಟ್ರು. ಮರುದಿನಾನ ಹೋಗಿ ಹನಮೇಶಗ ಕೈ ಮುಗದು, ನನ್ನ ಇಲ್ಲೇ ಇಟಗೋ ಅಂದ್ರು. ಅವ ಈ ಕೋಟ ಹಾಕಿದಾ. ಬಂದವರಿಗೆಲ್ಲಾ ಸಲಾಂ ಹೊಡಿ ಅಂದಾ. ಹೊಡದ್ರು. ಆ ವಿಮಾನದಾಗ ಮಲಗಾಕ ಸಿಗತೈತಲ್ಲ, ಅಷ್ಟಕ್ಕ."

"ಯುದ್ಧದಾಗ ಏನ ಕೆಲಸ ಇತ್ತು ಅವರಿಗೆ?"

"ಕಿಡಕ್ಯಾಗ ಕುಂತು ನೀರ ನೋಡೋದು. ಹಗಲೆಲ್ಲಾ ನೀರ. ನೀರಿನ ಮ್ಯಾಲೆ ಗೆರಿ ಕಂಡ್ರ ಕೂಗೋದು. ಆಗ ನಮ್ಮದು ಮಾತುಕತಿ ಆಗಿತ್ತು, ನಿಕಾ ಆಗಿದ್ದಿಲ್ಲ. ಒಂದ್ಸಲ ಬಿರುಗಾಳ್ಯಾಗ ಸಿಕ್ಕೊಂಡ್ರಂತ. ದುಶ್ಮನ್ ಹಡಗಿಗೆ ಕಾಣಬಾರದಂತ ಒಳಗಿನ ದೀಪ ಎಲ್ಲಾ ಆರಿಸಿದ್ರಂತ. ಆ ಗಡಿಯಾರದ ಹಸರ ಬೆಳಕ ಒಂದ ಇತ್ತು. ಅದನ್ನ ನೋಡಿಕೊಂಡು ದಂಡಿಗೆ ಬಂದ್ರು." ಲಾಲಬೀ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆ ಬೆಳಕ ಇವರನ್ನ ನನಗ ತಿರುಗಿ ಕೊಟ್ಟಿತು. ಅಲ್ಲಾಹನ ಬೆಳಕ ಅದು."

"ಇದನ್ನ ಹೋಟೆಲಿನ್ಯಾಗ ಎಲ್ಲಾರ ಮುಂದ ಹೇಳತಿದ್ರಾ?"

"ಹೇಳತಿದ್ರು. ಹನಮೇಶನೂ ಹೇಳಸತಿದ್ದ. ಬಂದವರು ಅತ್ತು ಅತ್ತು ಕೇಳತಿದ್ರು."

ಅನೀಸಾಳಿಗೆ ಈಗ ಸ್ಪಷ್ಟವಾಯಿತು. ಮುದುಕನ ಕತೆಯೇ ತಾಯತದ ಜಾಹೀರಾತಾಗಿತ್ತು. ಒಬ್ಬನ ಜೀವ ಉಳಿದದ್ದನ್ನು ತಾಮ್ರದ ಕೊಳವೆಯಲ್ಲಿ ತುಂಬಿ ಊರೂರಿಗೆ ಮಾರಿದ್ದರು. ಮಾರೆಮ್ಮನ ಗಾಯ ಕಂಡ ದಿನ ಮುದುಕನಿಗೆ ತನ್ನ ನಾಲಿಗೆಯ ಮೇಲೆಯೇ ಅಸಹ್ಯ ಹುಟ್ಟಿರಬೇಕು.

"ಕಡೀ ಕಡೀಗೆ ಸಾಬರು ಮನಿ ಮನಿಗೆ ಹೋಗಿ ತಾಯತ ಕೇಳಿ ಇಸಗೊಂತಿದ್ರು ಅಂತ ಊರ ಮಂದಿ ಹೇಳಿದ್ರು, ಹೌದಾ?"

"ಹೌದವಾ. ಮಂದಿ ಬೈದ್ರು. ಕೊಟ್ಟದ್ದನ್ನ ಕಸಗೊಳ್ಳಾಕ ಬಂದೀ ಏನು ಮುದುಕಾ ಅಂತ ಬಾಗಲಾ ಹಾಕಿಕೊಂಡ್ರು. ಅಂದ್ರೂ ಬಿಡಲಿಲ್ಲ. ಒಂದು ಡಬ್ಬಿ ತುಂಬಿಸಿದ್ರು."

"ಆ ಡಬ್ಬಿ ಎಲ್ಲೈತಿ?"

"ನನಗ ಹೇಳಿಲ್ಲವಾ," ಎಂದಳು ಲಾಲಬೀ. ಅಷ್ಟರಲ್ಲಿ ಅಡುಗೆಮನೆಯಿಂದ ಯಾರೋ ಕರೆದರು. ಅವಳು ಎದ್ದು ಹೋದಳು.

ಅನೀಸಾ ಹೊರಗೆ ಬಂದು ಕಳಕೇಶನನ್ನು ಕರೆದಳು. "ನೀ ಇಲ್ಲೇ ಇರು. ಬಂದವರ ಕೊರಳಾಗ ತಾಯತ ಕಂಡ್ರ ಸಮಾಧಾನದಿಂದ ಹೇಳಿ ತಗಸು. ಬಿಚ್ಚಿ ನೋಡಬ್ಯಾಡ. ಸಾಬರು ಡಬ್ಬಿ ಯಾರ ಕೈಯಾಗ ಕೊಟ್ಟಾರ ಅದನ್ನೂ ಕೇಳು."

*

ಹನಮೇಶ ವಿಮಾನದ ನಡುವಿನ ಮೇಜಿನಲ್ಲಿ ಕೂತು ಕೋಳಿಯ ಕಾಲು ಹರಿಯುತ್ತಿದ್ದ. ನಲವತ್ತರ ಆಳು, ಬಿಳಿ ಅಂಗಿ, ಬೆರಳು ತುಂಬ ಉಂಗುರ. ಉಂಗುರಗಳ ಸಂದಿಯಲ್ಲಿ ಕೆಂಪು ಎಣ್ಣೆ ಇಳಿದಿತ್ತು.

"ಬರ್ರಿ ಮೇಡಂ, ಕುಂದರ್ರಿ. ಉಣ್ರಿ. ಛಲೋ ಐತಿ ಇವತ್ತು."

ಅನೀಸಾ ಕೂತಳು. ಫೋನು ತೆಗೆದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಹೋಟೆಲಿನವರೇ ಊರಿಗೆಲ್ಲ ಹಂಚಿದ ಫೋಟೋ. ಕೇಕು, ಬಲೂನು, ಟೋಪಿ ಹಾಕಿಕೊಂಡ ಮಕ್ಕಳು.

"ಭಾನುವಾರ ಮಧ್ಯಾಹ್ನ ಇಲ್ಲಿ ಹುಟ್ಟಿದಹಬ್ಬ ಆಗೇತಿ."

"ಹೌದ್ರಿ. ಗದಗಿನ ಪಾರ್ಟಿ."

"ಹಿಂದ ನೋಡು. ಬಾಲದ ಕಡೆ ಪರದೆ ಎಳದೀರಿ. ಮುಂದ ಊದಿನಕಡ್ಡಿ ಹಚ್ಚಿಟ್ಟೀರಿ, ಕಟ್ಟುಗಟ್ಟಲೆ. ಹುಟ್ಟಿದಹಬ್ಬಕ್ಕ ಅಷ್ಟು ಊದಿನಕಡ್ಡಿ ಯಾಕ?"

ಹನಮೇಶ ಎಲುಬನ್ನು ತಟ್ಟೆಯಲ್ಲಿಟ್ಟ. ಬೆರಳು ನೆಕ್ಕಿದ. ಯೋಚಿಸಿದಂತೆ ಮಾಡಿದ.

"ನಮಗ ಸಂಜೀಕ ಫೋನ್ ಮಾಡೀದಿ," ಎಂದಳು ಅನೀಸಾ. "ಹೆಣ ಯಾವಾಗ ನೋಡಿದಿ?"

"ಮುಂಜಾನೆ."

"ಮತ್ತ?"

"ಬುಕಿಂಗ್ ಆಗಿತ್ತು ಮೇಡಂ. ಮಂದಿ ದಾರ್ಯಾಗ ಇದ್ರು. ಸತ್ತವ ಸತ್ತಾನ, ಅವಸರ ಮಾಡಿದ್ರ ಏಳತಾನ ಏನು? ತಗಡಿನ ಡಬ್ಬಿ ಇದು, ಬಿಸಿಲಿಗೆ ಕಾಯ್ತೈತಿ. ವಾಸನಿ ಬರಬಾರದಂತ ಕಡ್ಡಿ ಹಚ್ಚಿಸಿದ್ನಿ, ಅತ್ತರ ಹೊಡಿಸಿದ್ನಿ. ಯಾರಿಗೂ ಗೊತ್ತಾಗಲಿಲ್ಲ. ಛಲೋ ಉಂಡು ಹೋದ್ರು."

ಮಕ್ಕಳ ಬಾಯಿಗೆಲ್ಲ ಕೆನೆ ಮೆತ್ತಿಕೊಂಡಿತ್ತು ಫೋಟೋದಲ್ಲಿ. ಆ ಪರದೆಗೆ ಆನಿಕೊಂಡೇ ಒಬ್ಬ ಹುಡುಗಿ ಎರಡು ಬೆರಳೆತ್ತಿ ನಗುತ್ತಿದ್ದಳು. ಅನೀಸಾ ಫೋನನ್ನು ಬೋರಲು ಹಾಕಿದಳು. ಈ ಮನುಷ್ಯನ ಮುಖಕ್ಕೆ ಉಗಿಯಬೇಕೆನ್ನಿಸಿತು. ಉಗುಳು ನುಂಗಿಕೊಂಡಳು, ಅದಕ್ಕೂ ಎಣ್ಣೆಯ ಕಮಟು ಬಡಿದಿತ್ತು.

"ಗಡಿಯಾರ ಕಿತ್ತು ಕೆರೆದವ ನೀನ."

"ನನ್ನ ವಿಮಾನ. ನನ್ನ ಗಡಿಯಾರ."

"ಅದರ ಪುಡಿಗೆ ವಾಹೀದನ ಹೊಳಿಯೋ ಪುಡಿ ಕಲಿಸಿದಿ. ಮಾರೆಮ್ಮನ ಎದಿ ಕೊಳ್ಯಾಕ ಹತ್ತೈತಿ, ದಿನಾ ನಿನ್ನ ಕಣ್ಣ ಮುಂದನ ನೆಲ ಒರಸತಾಳ. ನಿನಗ ಕಾಣಲಿಲ್ಲಾ?"

"ಮುಸುರಿ ತಿಕ್ಕಾಕಿ ಎದಿ ನಾ ಯಾಕ ನೋಡ್ಲಿರಿ?" ಎಂದು ಹನಮೇಶ ನಕ್ಕ. ಅವಳು ನಗದೆ ನೋಡುತ್ತಿದ್ದುದರಿಂದ ನಗೆ ಅರ್ಧಕ್ಕೆ ನಿಂತಿತು. "ನಂಬಿಕಿ ಮೇಡಂ ಅದು. ಮಂದಿ ತಾವಾಗೇ ಬಂದು ಕೇಳ್ಯಾರ. ಯಾರೂ ಸತ್ತಿಲ್ಲ."

"ಒಬ್ಬರು ಸತ್ತಾರ. ಆ ತಾಯತ ತಿರುಗಿ ಕೂಡಿಸಾಕ ಹತ್ತಿದ್ದಕ್ಕ. ಮುದುಕನ ಡಬ್ಬಿ ಎಲ್ಲಿಟ್ಟೀದಿ?"

"ನನ್ನ ಕಡೆ ಇಲ್ಲ."

"ಸುಳ್ಳ ಹೇಳಬ್ಯಾಡ."

"ಇದ್ದಿದ್ರ ನಾ ಯಾಕ ಹುಡುಕ್ತಿದ್ನಿರಿ?" ಅವನ ದನಿಯಲ್ಲಿ ಮೊದಲ ಸಲ ಸಿಟ್ಟು ಬಂತು. "ಮುಂಜಾನೆ ಬಂದ ಕೂಡ್ಲೆ ಮಂಚದ ಕೆಳಗ ನೋಡೀನಿ, ಹಾಸಿಗಿ ಬಿಚ್ಚೀನಿ. ಹೆಣಾ ಹೊರಳಿಸಿ ಕಿಸೇನೂ ನೋಡೀನಿ. ಸಿಗಲಿಲ್ಲ."

ಅವನು ಹೇಳಿದ್ದರಲ್ಲಿ ತಪ್ಪೇನಿದೆಯೆಂದು ಅವನಿಗೆ ತಿಳಿದೇ ಇರಲಿಲ್ಲ. ಅದನ್ನು ಕಂಡೇ ಅನೀಸಾಳಿಗೆ ಅವನ ಮಾತು ನಿಜವೆನಿಸಿತು. ಕೊಂದವನು ಹೆಣದ ಕಿಸೆ ತಡಕಿದ್ದನ್ನು ಇಷ್ಟು ಸಲೀಸಾಗಿ ಹೇಳುವುದಿಲ್ಲ.

"ಡಬ್ಬಿಗ್ಯಾಕ ಅಷ್ಟು ಒದ್ದಾಟ?"

"ಗಡಿಯಾರ ಎಲ್ಲಾ ಮುಗದಾವಲ್ರಿ. ಇನ್ನ ಪುಡಿ ಎಲ್ಲಿಂದ ತರ್ಲಿ? ಇದ್ದದ್ದೆಲ್ಲಾ ಆ ಡಬ್ಯಾಗ ಐತಿ. ಈಗ ಮಂದಿ ತಾಯತ ಒಲ್ಲೆ ಅಂತಾರ, ಹೊಟ್ಟಿಗೆ ತಗೊಳ್ಳಾಕ ಕೇಳತಾರ. ಲಗೂನ ಗುಣ ಆಗತೈತಂತ."

"ಹೊಟ್ಟಿಗೆ?"

"ಜೇನಿನ್ಯಾಗ ಕಲಸಿ."

ಡಾಕ್ಟರ್ ಶಾಯಿಸ್ತಾ ಎಲುಬಿನ ಮಾತು ಹೇಳಿದ್ದು ಅನೀಸಾಳ ಕಿವಿಯಲ್ಲಿ ಇನ್ನೂ ಆರಿರಲಿಲ್ಲ. ಅವಳು ಮೇಜಿನ ಅಂಚು ಹಿಡಿದಳು. ಅದು ಜಿಡ್ಡು ಜಿಡ್ಡಾಗಿತ್ತು.

"ಎಷ್ಟು ಮಂದಿಗೆ ತಿನಿಸೀದಿ?"

"ನಾ ಯಾರಿಗೂ ತಿನಿಸಿಲ್ಲ. ನಾ ಯಾರಿಗೂ ಕಟ್ಟೂ ಇಲ್ಲ. ನಾ ಕಟ್ಟಿದ್ರ ಯಾರ ಕಟಗೊಂತಾರ್ರಿ?" ಹನಮೇಶ ಕೈ ತೊಳೆಯಲು ಎದ್ದ. "ನಾ ಪುಡಿ ಕೊಡಾಂವ ಅಷ್ಟ. ಓದಿ, ಊದಿ, ಕಟ್ಟಾಕಿ ಲಾಲಬೀ. ಜೇನು ಕಲಸೋದು ಆಕಿದೇ ಹಂಚಿಕಿ. ನನಗಾದ್ರ ಅದು ಯಾಪಾರ. ಆಕಿ ಮನಸಾರೆ ನಂಬ್ಯಾಳ, ತನ್ನ ಗಂಡನ್ನ ಉಳಿಸಿದ ಬೆಳಕ ಅಂತ. ಮುದುಕ ಮನಿ ಮನಿಗೆ ಹೋಗಿ ಹರಕೊಂಡು ಬಂದದ್ದು ತನ್ನ ಹೆಂಡ್ತಿ ಕಟ್ಟಿದ್ದನ್ನ."

ಹೊರಗೆ ಲಾರಿಯೊಂದು ಹಾದುಹೋಯಿತು. ವಿಮಾನದ ತಗಡು ಗದಗುಟ್ಟಿತು.

"ಶನಿವಾರ ಸಂಜೀಕ ಮುದುಕಗ ಬುತ್ತಿ ತಂದಾಕಿ ಯಾರು ಕೇಳ್ರಿ," ಎಂದ ಹನಮೇಶ ಬೇಸಿನ್ನಿನ ಕಡೆ ತಿರುಗಿ. "ಬಾಲದಾಗ ಗಂಡ ಹೆಂಡ್ತಿ ಭಾಳ ಹೊತ್ತು ಜಗಳಾಡಿದ್ರು. ನಾ ಗಲ್ಲಾಕ್ಕ ಕೀಲಿ ಹಾಕ್ಕೊಂಡು ಮನಿಗೆ ಹೋಗೂಮುಂದ ಸುಮ್ಮನಾಗಿದ್ರು."

ಅನೀಸಾ ಆಗಲೇ ಬಾಗಿಲ ಮೆಟ್ಟಿಲು ಇಳಿಯುತ್ತಿದ್ದಳು. ಇಳಿಯುತ್ತಲೇ ಕಳಕೇಶನಿಗೆ ಫೋನು ಹಚ್ಚಿದಳು. ರಿಂಗಾಯಿತು. ಕತ್ತರಿಸಿತು. ಮತ್ತೆ ಹಚ್ಚಿದಳು.

"ಹೇಳ್ರಿ ಮೇಡಂ." ಅವನ ಹಿಂದೆ ಜನರ ಗದ್ದಲವಿತ್ತು.

"ಎಲ್ಲಿದ್ದೀ?"

"ಲಾಲಬೀಯಾರ ಪಡಸಾಲ್ಯಾಗರಿ. ಫಾತೇಹಾ ಮುಗೀತು. ಊರ ಮಂದಿ ಎಲ್ಲಾ ಬಂದೈತ್ರಿ, ನಮ್ಮವರು, ಅವರವರು, ಎಲ್ಲಾರೂ. ಈಗ ತಬರುಕ, ಪ್ರಸಾದ ಅಂತೀವಲ್ರಿ, ಅದನ್ನ ಹಂಚಾಕ ಹತ್ಯಾರ."

"ಏನು ಹಂಚತಾರ?"

"ಜೇನರಿ. ಅವ್ವಾರು ತಾವ ಕುಂತು ಕೈಯಿಂದ ಕೊಡಾಕ ಹತ್ಯಾರ. ದೊಡ್ಡವರಿಗೆ ಒಂದೊಂದ ಬೆರಳು, ಸಣ್ಣ ಹುಡುಗರಿಗೆ ಎರಡೆರಡು. ಸಾಬರ ಹೆಸರಿನ್ಯಾಗ ಎಲ್ಲಾರೂ ಗಟ್ಟಿಮುಟ್ಟಾಗಿ ಇರ್ರಿ ಅಂತ ಹರಸಾಕ ಹತ್ಯಾರ್ರಿ."

"ಕಳಕೇಶ, ನಿಲ್ಲಸು ಅದನ್ನ. ಬಟ್ಟಲ ಕಸಗೋ. ಇನ್ನ ಒಬ್ಬರ ಬಾಯಿಗೂ ಹೋಗಬಾರದು."

ಫೋನು ಕತ್ತರಿಸಿರಲಿಲ್ಲ. ಅನೀಸಾಳಿಗೆ ಮಕ್ಕಳು ನಗುವುದು ಕೇಳಿಸಿತು. ಯಾರೋ ಪಾತ್ರೆ ಕೆರೆಯುವುದು ಕೇಳಿಸಿತು. ಕಳಕೇಶ ಗಂಟಲು ಸರಿಮಾಡಿಕೊಂಡ.

"ಮೇಡಂ," ಎಂದ. "ಕಡೀ ಪಾಳಿ ನಂದ ಇತ್ರಿ. ಬಟ್ಟಲ ಖಾಲಿ ಆತು."